ಎರಡು ಮಳೆಗಾಲ ಕಂಡ ಅತಿವಾಹಕ ಕಿಟ್

ನಾನು ಪಾಠ ಹೇಳುವ ಕಾಲೇಜು ಮಲೆನಾಡಿನ ಅಂಚಿನಲ್ಲಿದೆ. ಅಲ್ಲಿನ ಎಂ.ಎಸ್ಸಿ. ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಎರಡು ವರ್ಷಗಳ ಹಿಂದೆ ಅತಿವಾಹಕತೆಯ ಪ್ರಯೋಗದ ಕಿಟ್ ಒಂದನ್ನು ಕೊಂಡೆವು. ಬಹಳ ತಣಿಸಿದಾಗ ಕೆಲವು ವಸ್ತುಗಳ ವಿದ್ಯುತ್ ರೋಧ ಪೂರ್ತಿ ಇಲ್ಲವಾಗುತ್ತದೆ, ಅದೇ ಅತಿವಾಹಕತೆ. ಆ ವರ್ಷ ಉಪಕರಣಗಳಿಗೆಂದು ವಿಭಾಗಕ್ಕೆ ಸಿಕ್ಕಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತಾದ್ದರಿಂದ, ಕೊಂಡದ್ದು ಸರಿಯಾಯಿತೇ ಎಂದು ಸಹೋದ್ಯೋಗಿಗಳು ಇಂದಿಗೂ ಕೇಳುತ್ತಾರೆ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಬಗೆಯ ಕಿಟ್‌ಗಳನ್ನು ಹಲವರು ಮಾರುತ್ತಾರೆ, ಒಳಗಿನ ರಚನೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಾಗಾಗಿ ಇಲ್ಲಿನ ಮಾತು ಯಾವುದನ್ನು ಕೊಳ್ಳಲು ಹೊರಟವರಿಗೂ ಉಪಯೋಗಕ್ಕೆ ಬಂದೀತು.

ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: ಇಟ್ರಿಯಂ, ಬೇರಿಯಂ ಮತ್ತು ತಾಮ್ರದ ಆಕ್ಸೈಡಿನಿಂದ ಮಾಡಿದ ಕಪ್ಪು ಬಣ್ಣದ ಒಂದು ಪುಟ್ಟ ಪಟ್ಟಿ, ಅದನ್ನು ಕೂರಿಸುವ ತಾಮ್ರದ ದಿಮ್ಮಿ, ಅದರ ಬೆನ್ನಿಗೆ ಕೊರೆದ ರಂಧ್ರದಲ್ಲಿ ಪಿಟಿ-100 ತಾಪಮಾಪಕ, ಸ್ಥಿರ ವಿದ್ಯುತ್ ಪ್ರವಾಹ ಕೊಡುವ ಪೆಟ್ಟಿಗೆ, 1 ಮೈಕ್ರೋವೋಲ್ಟ್‌ವರೆಗೆ ಓದುವ ಮೀಟರ್, ದ್ರವ ಸಾರಜನಕ ಹಿಡಿಯುವ ಡ್ಯೂವಾರ್ ಪಾತ್ರೆ, ಒಂದು ನಿಯೋಡಿಮಿಯಂ ಅಯಸ್ಕಾಂತ. ಇವುಗಳ ಜೊತೆಗೆ ಬೇರೆಯೇ ಬೆಲೆ ತೆತ್ತು ಕೊಂಡ ಎರಡನೆಯ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಒಂದು ಸುರುಳಿ, 100 ಕಿಲೋಹರ್ಟ್ಸ್‌ವರೆಗಿನ ಒಂದು ಆಂದೋಲಕ (ದಿಕ್ಕು ಬದಲಿಸುತ್ತಾ ಹರಿಯುವ ಪರ್ಯಾಯ ಪ್ರವಾಹವನ್ನು ಹುಟ್ಟಿಸುವ ಸಾಧನ), ಮತ್ತು ‘ಅತಿವಾಹಕದ ಪ್ರಾವಸ್ಥಾ ಸಂಕ್ರಮಣದ ಮೇಲೆ ಪರಿಸರದ ಹಾಗೂ ಹೊರಗಿನ ಪ್ರಚೋದನೆಯ ಪ್ರಭಾವ’ ಎಂಬ ಅಧ್ಯಾಯವುಳ್ಳ ಕೈಪಿಡಿ ಇದ್ದವು. ಪ್ರಾವಸ್ಥಾ ಸಂಕ್ರಮಣವೆಂದರೆ ವಸ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ, ಇಲ್ಲಿ ಸಾಮಾನ್ಯ ಸ್ಥಿತಿಯಿಂದ ಅತಿವಾಹಕ ಸ್ಥಿತಿಗೆ, ದಾಟುವುದು. ನಿಜ ಹೇಳಬೇಕೆಂದರೆ, ನಾನು ಸಮಿತಿಯ ಮುಂದೆ ವಾದಿಸಿ ಈ ಪೆಟ್ಟಿಗೆಯನ್ನು ಕೊಳ್ಳಿಸಿದ್ದೇ ಆ ಅಧ್ಯಾಯದ ಶೀರ್ಷಿಕೆಯನ್ನು ನೋಡಿ. ಆದ್ದರಿಂದ ವಿಮರ್ಶೆಯ ಬಹುಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೂಲ ಪ್ರಯೋಗ ಎಲ್ಲರಿಗೂ ಪರಿಚಿತವಾದದ್ದು. 1911ರಲ್ಲಿ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಅವರ ತಂಡ ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣಿಸಿದಾಗ, 4.2 ಕೆಲ್ವಿನ್ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಹತ್ತಿರ ಅದರ ವಿದ್ಯುತ್ ರೋಧ ಒಮ್ಮೆಗೇ ಇಲ್ಲವಾದುದನ್ನು ಕಂಡಿತು. ನಮ್ಮಂಥ ಕಾಲೇಜುಗಳಿಗೆ ಹೀಲಿಯಂ ಎಟುಕುವ ವಸ್ತುವಲ್ಲ. 1987ರಲ್ಲಿ ಇಟ್ರಿಯಂನ ಈ ಆಕ್ಸೈಡು ಸುಮಾರು 92 ಕೆಲ್ವಿನ್‌ನಲ್ಲೇ ಅತಿವಾಹಕವಾಗುತ್ತದೆಂದು ತಿಳಿದ ಮೇಲೆ, 77 ಕೆಲ್ವಿನ್‌ನಲ್ಲಿ ಕುದಿಯುವ ದ್ರವ ಸಾರಜನಕವೇ ಸಾಕಾಯಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಈ ಬಗೆಯ ಆಕ್ಸೈಡುಗಳನ್ನು ತಯಾರಿಸಿ ಅಳೆದಿತ್ತು. ಈಗ ಈ ಪ್ರಯೋಗ ಎಂ.ಎಸ್ಸಿ. ಪ್ರಯೋಗಾಲಯದ ಮಟ್ಟಕ್ಕೆ ಇಳಿದಿದೆ. ನಾಲ್ಕು ತಂತಿಗಳಲ್ಲಿ ಹೊರಗಿನ ಎರಡರಿಂದ ಪ್ರವಾಹವನ್ನು ಹರಿಸಿ, ಒಳಗಿನ ಎರಡರಿಂದ ವೋಲ್ಟೇಜನ್ನು ಅಳೆದು, ತಾಪಮಾನಕ್ಕೆ ಎದುರಾಗಿ ರೋಧದ ರೇಖೆಯನ್ನು ಬರೆಯಬೇಕು. ರೇಖೆ ಎಲ್ಲಿ ಸೊನ್ನೆ ಮುಟ್ಟುತ್ತದೆಯೋ ಅದನ್ನು ಸಂಕ್ರಮಣ ತಾಪಮಾನ, ಅಂದರೆ ಟಿಸಿ, ಎಂದು ರೆಕಾರ್ಡ್‌ನಲ್ಲಿ ಬರೆಯಬೇಕು.

ಮೊದಲ ದಿನವೇ ತೊಡಕು ಎದುರಾಯಿತು. ದಿಮ್ಮಿಯನ್ನು ಸಾರಜನಕದ ಆವಿಯೊಳಕ್ಕೆ ಸರಸರನೆ ಇಳಿಸಿದಾಗ ರೋಧ 84 ಕೆಲ್ವಿನ್‌ನಲ್ಲಿ ಸೊನ್ನೆಯಾಯಿತು. ಮೇಲೆತ್ತಿ ಬಿಸಿಯಾಗಲು ಬಿಟ್ಟಾಗ 91 ಕೆಲ್ವಿನ್‌ವರೆಗೂ ಸೊನ್ನೆಯಾಗಿಯೇ ಉಳಿಯಿತು. ಪಟ್ಟಿಯ ಜೊತೆಗೆ ಬಂದಿದ್ದ ಚೀಟಿಯಲ್ಲಿ ಮಾತ್ರ 92 ಎಂದು ಅಚ್ಚಾಗಿತ್ತು. ಒಬ್ಬ ವಿದ್ಯಾರ್ಥಿನಿ ಬಂದು, “ಮೇಡಂ, ರೆಕಾರ್ಡಲ್ಲಿ ಯಾವ ಟಿಸಿ ಬರೀಲಿ?” ಎಂದು ಕೇಳಿದಳು. ಕೈಪಿಡಿ ಈ ಪ್ರಶ್ನೆಯನ್ನೇ ಎತ್ತುವುದಿಲ್ಲ. ‘ತಂಪಾಗುವಾಗಿನ ಓದುಗಳನ್ನು ಮಾತ್ರ ತೆಗೆದುಕೊಳ್ಳಿ’ ಎಂದು ಹೇಳಿ ಮುಂದಕ್ಕೆ ಹೋಗುತ್ತದೆ, ತಂಪಾಗುವಾಗಿನ ಓದೇ ಹೆಚ್ಚು ಸರಿಯೆನ್ನಲು ಯಾವ ಕಾರಣವೂ ಇಲ್ಲದಿದ್ದರೂ.

ಕಾರಣ ದಿಮ್ಮಿಯ ರಚನೆಯಲ್ಲಿದೆ. ಪಟ್ಟಿಗೂ ತಾಮ್ರಕ್ಕೂ ನಡುವೆ ವಿದ್ಯುತ್ತು ಹರಿಯಬಾರದೆಂದು ಅಭ್ರಕದ ಹಾಳೆಯೊಂದನ್ನು ಇಟ್ಟಿದ್ದಾರೆ. ಅದು ವಿದ್ಯುತ್ತನ್ನು ತಡೆಯುವಂತೆಯೇ ಉಷ್ಣವನ್ನೂ ತಡೆಯುತ್ತದೆ. ತಾಪಮಾಪಕ ಕೂತಿರುವುದು ತಾಮ್ರದಲ್ಲಿ. ತಂಪಾಗುವಾಗ ತಾಮ್ರ ಮುಂದೆ ಓಡುತ್ತದೆ, ಪಟ್ಟಿ ಹಿಂದೆ ಉಳಿಯುತ್ತದೆ, ಆದ್ದರಿಂದ ಮೀಟರಿನಲ್ಲಿ ಕಾಣುವ ತಾಪಮಾನ ಪಟ್ಟಿಯ ತಾಪಮಾನಕ್ಕಿಂತ ಕಡಿಮೆಯಿರುತ್ತದೆ. ಬಿಸಿಯಾಗುವಾಗ ಇದು ತಿರುವುಮುರುವಾಗುತ್ತದೆ. ಇದನ್ನು ಕೇವಲ ಉಷ್ಣದ ಹಿನ್ನಡೆಯೆಂದು ಖಚಿತಪಡಿಸಿಕೊಳ್ಳುವುದು ಸುಲಭ. ದಿಮ್ಮಿಗೆ ಹತ್ತಿ ಸುತ್ತಿ, ನಿಮಿಷಕ್ಕೆ ಅರ್ಧ ಕೆಲ್ವಿನ್ನಿನಷ್ಟು ನಿಧಾನವಾಗಿ ತಣಿಸಿದಾಗ ಎರಡು ರೇಖೆಗಳ ಅಂತರ ಏಳು ಕೆಲ್ವಿನ್‌ನಿಂದ ಒಂದಕ್ಕೆ ಇಳಿಯಿತು. ಕಾಂತಕ್ಷೇತ್ರವಿಲ್ಲದಾಗ ಅತಿವಾಹಕದ ಸಂಕ್ರಮಣ ಎರಡನೆಯ ದರ್ಜೆಯದು. ನೀರು ಮಂಜುಗಡ್ಡೆಯಾಗುವಾಗ ಇರುವಂಥ ಗುಪ್ತೋಷ್ಣ ಅದಕ್ಕಿಲ್ಲ, ಹಾಗಾಗಿ ಹೋಗುವ ದಾರಿಯಲ್ಲಿ ಒಂದು, ಬರುವ ದಾರಿಯಲ್ಲಿ ಇನ್ನೊಂದು ತಾಪಮಾನ ಕಂಡಿತೆಂದರೆ ಮೊದಲು ಅನುಮಾನಿಸಬೇಕಾದದ್ದು ವಸ್ತುವನ್ನಲ್ಲ, ಅದು ತನ್ನ ಪರಿಸರದೊಡನೆ ಹೊಂದಿರುವ ಉಷ್ಣದ ನಂಟನ್ನು. ನನ್ನ ಲೆಕ್ಕದಲ್ಲಿ ಈ ಕಿಟ್ ಕಲಿಸುವ ಮೊದಲ ದೊಡ್ಡ ಪಾಠ ಇದು. ತಯಾರಕರು ಕಲಿಸಬೇಕೆಂದುಕೊಂಡ ಪಾಠವಂತೂ ಅಲ್ಲ.

ಎರಡನೆಯದು ಪ್ರವಾಹದ ಪಾಠ. ಪಟ್ಟಿಗೆ ತಂತಿಗಳನ್ನು ಸ್ಪ್ರಿಂಗ್ ಮೊಳೆಗಳಿಂದ ಒತ್ತಿ ಹಿಡಿಸಿದ್ದರು, ಮತ್ತು ಒಂದೊಂದು ಮೊಳೆಯ ಸಂಪರ್ಕ ರೋಧ ಹಲವು ಓಮ್‌ಗಳಷ್ಟಿತ್ತು. ನಾಲ್ಕು ತಂತಿಗಳ ವಿಧಾನದಲ್ಲಿ ಸಂಪರ್ಕದ ರೋಧ ಅಳತೆಗೆ ಸೇರುವುದಿಲ್ಲವೆಂದು ಪಠ್ಯದಲ್ಲಿ ಓದಿ ಎಲ್ಲರೂ ನಿಶ್ಚಿಂತರಾಗುತ್ತೇವೆ. ವೋಲ್ಟೇಜಿಗೆ ಸೇರುವುದಿಲ್ಲ ನಿಜ, ಆದರೆ ಅಲ್ಲಿ ಹುಟ್ಟುವ ಉಷ್ಣ ಪಟ್ಟಿಯನ್ನು ಸೇರದೆ ಎಲ್ಲಿಗೆ ಹೋಗಬೇಕು? ಎರಡು ಓಮ್ ಸಂಪರ್ಕದಲ್ಲಿ 10 ಮಿಲಿಆಂಪಿಯರ್ ಹರಿದರೆ 0.2 ಮಿಲಿವಾಟ್ ಉಷ್ಣ ಹುಟ್ಟುತ್ತದೆ. ಕೈಪಿಡಿ ಸೂಚಿಸುವಂತೆ 100 ಮಿಲಿಆಂಪಿಯರ್ ಹರಿಸಿದರೆ ಅದು ನೂರು ಪಟ್ಟಾಗಿ 20 ಮಿಲಿವಾಟ್ ಆಗುತ್ತದೆ, ಅಭ್ರಕದ ಮೇಲೆ ಕೂತ ಪಟ್ಟಿ ತಾಮ್ರಕ್ಕಿಂತ ಬೆಚ್ಚಗಾಗುತ್ತದೆ, ಮತ್ತು ಸಂಕ್ರಮಣ ಇರಬೇಕಾದುದಕ್ಕಿಂತ ಕೆಳಗಿನ ತಾಪಮಾನದಲ್ಲಿ ನಡೆದಂತೆ ತೋರುತ್ತದೆ. ಮೊಳೆಗಳನ್ನು ತೆಗೆದುಹಾಕಿ ಸಿಲ್ವರ್ ಪೇಸ್ಟ್‌ನಿಂದ ತಂತಿಗಳನ್ನು ಅಂಟಿಸಿದ ಮೇಲೆ ಈ ದೋಷ ಬಹುಮಟ್ಟಿಗೆ ಕಡಿಮೆಯಾಯಿತು. ಕೊಳ್ಳುವವರು ಈ ಒಂದು ತಿದ್ದುಪಡಿಯನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.

ಹಾಗೆ ತಿದ್ದಿದ ಮೇಲೂ ಪ್ರವಾಹದ ಪ್ರಭಾವ ಪೂರ್ತಿಯಾಗಿ ಹೋಗಲಿಲ್ಲ, ಮತ್ತು ಉಳಿದದ್ದೇ ಸ್ವಾರಸ್ಯಕರವಾದ ಭಾಗ. 10 ಮತ್ತು 100 ಮಿಲಿಆಂಪಿಯರ್‌ಗಳ ರೇಖೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ರೋಧ ಇಳಿಯತೊಡಗುವ ತಲೆಯ ಭಾಗ ಎರಡರಲ್ಲೂ ಸುಮಾರು 91 ಕೆಲ್ವಿನ್‌ನಲ್ಲೇ ಇದೆ. ಆದರೆ ಸೊನ್ನೆ ಮುಟ್ಟುವ ಬಾಲದ ಭಾಗ ಮೊದಲನೆಯದರಲ್ಲಿ 88ಕ್ಕೂ ಎರಡನೆಯದರಲ್ಲಿ 86ಕ್ಕೂ ಬರುತ್ತದೆ. ಬಿಸಿಯೇ ಕಾರಣವಾಗಿದ್ದರೆ ತಲೆ ಬಾಲ ಎರಡೂ ಒಟ್ಟಿಗೆ ಸರಿಯಬೇಕಿತ್ತು. ಬಾಲ ಮಾತ್ರ ಉದ್ದವಾಗಿದೆಯೆಂದರೆ ಪಟ್ಟಿಯೊಳಗೇ ಎರಡು ಹಂತಗಳ ಸಂಕ್ರಮಣ ನಡೆಯುತ್ತಿದೆ ಎಂದರ್ಥ. ಈ ಪಟ್ಟಿ ಒಂದೇ ಹರಳಲ್ಲ. ಪುಡಿಯನ್ನು ಒತ್ತಿ ಕುಲುಮೆಯಲ್ಲಿ ಬೇಯಿಸಿದಾಗ ಒಂದಕ್ಕೊಂದು ಅಂಟಿಕೊಂಡ ಅಸಂಖ್ಯ ಸಣ್ಣ ಹರಳುಗಳ ಗುಂಪು. ಮೊದಲು ಒಂದೊಂದು ಹರಳಿನೊಳಗೂ ಎಲೆಕ್ಟ್ರಾನುಗಳು ಜೋಡಿಯಾಗಿ ತಮ್ಮತಮ್ಮ ತಾಳ ಹಿಡಿಯುತ್ತವೆ. ಹರಳಿನಿಂದ ಹರಳಿಗೆ ಆ ತಾಳ ಕೂಡಿ, ಜೋಸೆಫ್‌ಸನ್ ಸಂಧಿಗಳಂತೆ (ಎರಡು ಅತಿವಾಹಕಗಳ ನಡುವಿನ ತೆಳುವಾದ ಅಡ್ಡಗೋಡೆಯನ್ನು ಎಲೆಕ್ಟ್ರಾನ್ ಜೋಡಿಗಳು ದಾಟಬಲ್ಲ ಜಾಗಗಳಂತೆ) ವರ್ತಿಸುವ ದುರ್ಬಲ ಕೊಂಡಿಗಳ ಮೂಲಕ ಇಡೀ ಪಟ್ಟಿ ಒಂದೇ ಮೇಳವಾಗುವುದು ಅನಂತರ. ಹೊರಗಿನಿಂದ ಹರಿಸಿದ ಪ್ರವಾಹ ಹರಳುಗಳ ಒಳಗನ್ನು ಅಷ್ಟಾಗಿ ಕದಲಿಸುವುದಿಲ್ಲ, ಕೊಂಡಿಗಳನ್ನು ಮಾತ್ರ ಮುರಿಯುತ್ತದೆ. ಹೀಗಾಗಿ ಸೊನ್ನೆಯ ಬಿಂದು ವಸ್ತುವಿನದಷ್ಟೇ ಅಲ್ಲ, ನಾವು ಅದರ ಮೇಲೆ ಹೇರಿದ ಪ್ರವಾಹದ್ದೂ ಹೌದು.

ಸೊನ್ನೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. 10 ಮಿಲಿಆಂಪಿಯರ್ ಪ್ರವಾಹದಲ್ಲಿ 1 ಮೈಕ್ರೋವೋಲ್ಟ್ ಓದುವ ಮೀಟರ್ ಸೊನ್ನೆ ತೋರಿಸಿದರೆ, ರೋಧ 0.1 ಮಿಲಿಓಮ್‌ಗಿಂತ ಕಡಿಮೆ ಎನ್ನಬಹುದೇ ಹೊರತು ಇಲ್ಲವೇ ಇಲ್ಲ ಎನ್ನಲಾಗದು. ಸಂಕ್ರಮಣಕ್ಕೆ ಮುಂಚೆ ನಮ್ಮ ಪಟ್ಟಿಯ ರೋಧ ಸುಮಾರು 6 ಮಿಲಿಓಮ್ ಇತ್ತು. ಅಂದರೆ ನಾವು ನಿಜವಾಗಿ ತೋರಿಸಿದ್ದು ಅರವತ್ತು ಪಟ್ಟು ಇಳಿತವನ್ನು ಮಾತ್ರ. 1963ರಲ್ಲಿ ಫೈಲ್ ಮತ್ತು ಮಿಲ್ಸ್ ಅವರು ಅತಿವಾಹಕ ಸುರುಳಿಯಲ್ಲಿ ಸುತ್ತುವ ಪ್ರವಾಹದ ಕ್ಷೇತ್ರವನ್ನು ಅಳೆದು, ಅದು ಕುಗ್ಗಲು ಕನಿಷ್ಠ ಒಂದು ಲಕ್ಷ ವರ್ಷ ಬೇಕೆಂದು ತೋರಿಸಿದ್ದರು. ಅದರ ಪಕ್ಕದಲ್ಲಿ ಮೇಜಿನ ಮೇಲಿನ ಮೀಟರಿನ ‘ಸೊನ್ನೆ’ ಎಷ್ಟು ಬಡವೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಜೊತೆಗೆ, ತಾಮ್ರದ ತಂತಿಯ ಒಂದು ತುದಿ ತಣ್ಣಗೂ ಇನ್ನೊಂದು ಬೆಚ್ಚಗೂ ಇದ್ದರೆ ಪ್ರವಾಹವಿಲ್ಲದೆಯೇ ಕೆಲವು ಮೈಕ್ರೋವೋಲ್ಟ್ ಕಾಣಿಸುತ್ತದೆ; ಪ್ರವಾಹದ ದಿಕ್ಕನ್ನು ತಿರುಗಿಸಿ ಎರಡು ಓದುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಂಡರೆ ಮಾತ್ರ ಅದು ಕಳೆದುಹೋಗುತ್ತದೆ. ದಿಕ್ಕು ತಿರುಗಿಸುವ ಸ್ವಿಚ್ಚನ್ನು ತಯಾರಕರು ಕೊಟ್ಟಿಲ್ಲ. ಇಷ್ಟು ಬೆಲೆಯ ಉಪಕರಣದಲ್ಲಿ ಇದು ಕ್ಷಮಿಸಲಾಗದ ಜಿಪುಣತನ. ನಮ್ಮ ಪ್ರಯೋಗಾಲಯದ ಸಹಾಯಕರು ಹಳೆಯ ಗ್ಯಾಲ್ವನೋಮೀಟರ್ ಬೋರ್ಡಿನಿಂದ ಕಿತ್ತ ಕಮ್ಯುಟೇಟರ್ ಒಂದನ್ನು ಜೋಡಿಸಿಕೊಟ್ಟರು.

ಇನ್ನು ಎರಡನೆಯ ಪೆಟ್ಟಿಗೆ. ಅದರಲ್ಲಿ ಸುರುಳಿಯ ಭಾಗ ನಿಜಕ್ಕೂ ಚೆನ್ನಾಗಿದೆ. 5 ಮಿಲಿಟೆಸ್ಲಾದಷ್ಟು ಕಾಂತಕ್ಷೇತ್ರವನ್ನು ಅದು ಸಮನಾಗಿ ಕೊಡುತ್ತದೆ, ಮತ್ತು ಅಷ್ಟು ಸಣ್ಣ ಕ್ಷೇತ್ರಕ್ಕೇ ರೇಖೆಯ ಬಾಲ ಎದ್ದು ಕಾಣುವಂತೆ ಉದ್ದವಾಗುತ್ತದೆ. ಕಾರಣವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಹರಳಿನ ಅಗಲ ಸುಮಾರು 10 ಮೈಕ್ರಾನ್, ಸಂಧಿಯ ಎರಡೂ ಬದಿಗೆ ಕ್ಷೇತ್ರ ನುಗ್ಗುವ ಆಳ ಒಟ್ಟು 0.3 ಮೈಕ್ರಾನ್ ಎಂದಿಟ್ಟುಕೊಂಡರೆ, ಒಂದು ಮಿಲಿಟೆಸ್ಲಾಗಿಂತಲೂ ಕಡಿಮೆ ಕ್ಷೇತ್ರದಲ್ಲೇ ಒಂದು ಇಡೀ ಫ್ಲಕ್ಸ್ ಕ್ವಾಂಟಮ್ (ಅತಿವಾಹಕದಲ್ಲಿ ಕಾಂತೀಯ ಫ್ಲಕ್ಸಿನ ಅತಿ ಸಣ್ಣ ಕಂತು) ಆ ಸಂಧಿಯೊಳಗೆ ಹಿಡಿಯುತ್ತದೆ, ಅಲ್ಲಿಗೆ ಆ ಕೊಂಡಿಯ ತಾಳ ತಪ್ಪುತ್ತದೆ. ಹರಳುಗಳ ಒಳಗಿನ ಅತಿವಾಹಕತೆಯನ್ನು ಪೂರ್ತಿಯಾಗಿ ಕೆಡಿಸಲು ತಣ್ಣನೆಯ ಸ್ಥಿತಿಯಲ್ಲಿ ನೂರು ಟೆಸ್ಲಾಗೂ ಹೆಚ್ಚು ಬೇಕು, ಆದ್ದರಿಂದ ರೇಖೆಯ ತಲೆ ಅಲುಗುವುದಿಲ್ಲ. ನಮ್ಮ ಸುತ್ತಲಿನ ಭೂಮಿಯ ಕ್ಷೇತ್ರ ಸುಮಾರು 0.04 ಮಿಲಿಟೆಸ್ಲಾ, ಇಂಥ ಹರಳುಗಳ ಮಟ್ಟಿಗೆ ಅದನ್ನು ಮರೆತರೂ ನಡೆಯುತ್ತದೆ. ಆದರೆ ಒಮ್ಮೆ ಅಯಸ್ಕಾಂತವನ್ನು ಹತ್ತಿರ ತಂದು ದೂರ ಒಯ್ದರೆ ರೇಖೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಹರಳುಗಳೊಳಗೆ ಸಿಕ್ಕಿಬಿದ್ದ ಫ್ಲಕ್ಸ್ ಹಾಗೆಯೇ ಉಳಿದು, ಪಟ್ಟಿಯನ್ನು 92 ಕೆಲ್ವಿನ್ನಿನ ಮೇಲಕ್ಕೆ ಬಿಸಿ ಮಾಡುವವರೆಗೂ ಕಾಟ ಕೊಡುತ್ತದೆ. ಹಿಂದಿನ ತಂಡ ಅಯಸ್ಕಾಂತವನ್ನು ಪಟ್ಟಿಯ ಮೇಲೆ ತೇಲಿಸುವ ಪ್ರದರ್ಶನ ಮಾಡಿ ಹೋದ ಮೇಲೆ ಮುಂದಿನ ತಂಡಕ್ಕೆ ವಿಚಿತ್ರ ಓದುಗಳು ಏಕೆ ಬರುತ್ತಿದ್ದವೆಂದು ತಿಳಿಯಲು ನಮಗೆ ಒಂದು ಸೆಮಿಸ್ಟರ್ ಹಿಡಿಯಿತು.

ಆಂದೋಲಕದ ಭಾಗಕ್ಕೆ ಬಂದರೆ ಮೆಚ್ಚುಗೆ ಅಲ್ಲಿಗೆ ನಿಲ್ಲುತ್ತದೆ. ನೇರ ಪ್ರವಾಹದ ಮೇಲೆ ಪರ್ಯಾಯ ಪ್ರವಾಹವೊಂದನ್ನು ಸೇರಿಸಿದರೆ ರೇಖೆಯ ಬಾಲ ಇನ್ನಷ್ಟು ಉದ್ದವಾಗುತ್ತದೆಂದೂ, ಇದೇ ‘ಹೊರಗಿನ ಪ್ರಚೋದನೆಯಿಂದ ಬದಲಾದ ಪ್ರಾವಸ್ಥಾ ಸಂಕ್ರಮಣ’ವೆಂದೂ ಕೈಪಿಡಿ ಹೇಳುತ್ತದೆ. ಬಾಲ ಉದ್ದವಾಗುವುದು ನಿಜ. ಆದರೆ 1 ಕಿಲೋಹರ್ಟ್ಸ್‌ನಲ್ಲೂ 50 ಕಿಲೋಹರ್ಟ್ಸ್‌ನಲ್ಲೂ ಅದು ಒಂದೇ ಅಳತೆಯಲ್ಲಿ ಉದ್ದವಾಯಿತು. ನಮ್ಮ ವಿದ್ಯಾರ್ಥಿಗಳಿಬ್ಬರು ಮೊದಲು ನೇರ ಪ್ರವಾಹದಿಂದಲೇ ಪಟ್ಟಿಯ ವೋಲ್ಟೇಜ್-ಪ್ರವಾಹ ರೇಖೆಯನ್ನು ಅಳೆದುಕೊಂಡು, ಪ್ರವಾಹ ಏರಿಳಿಯುತ್ತಿದ್ದರೆ ಅದರ ಸರಾಸರಿ ವೋಲ್ಟೇಜ್ ಎಷ್ಟಾಗಬೇಕೆಂದು ಲೆಕ್ಕ ಹಾಕಿದರು. ಅಳೆದದ್ದಕ್ಕೂ ಲೆಕ್ಕಕ್ಕೂ ಹೊಂದಾಣಿಕೆಯಾಯಿತು. ಅಂದರೆ ಪಟ್ಟಿ ಪ್ರತಿ ಕ್ಷಣವೂ ಆ ಕ್ಷಣದ ಪ್ರವಾಹಕ್ಕೆ ತಕ್ಕ ಸಮತೋಲನದಲ್ಲೇ ಇತ್ತು. ಆಂದೋಲಕ ಅದನ್ನು ಸಮತೋಲನದಿಂದ ಎಲ್ಲಿಗೂ ಕೊಂಡೊಯ್ದಿರಲಿಲ್ಲ.

ಹೊರಗಿನ ಪ್ರಚೋದನೆ ಅತಿವಾಹಕದ ಸ್ಥಿತಿಯನ್ನೇ ಬದಲಿಸಬೇಕಾದರೆ ಅದು ವಸ್ತುವಿನ ಒಳಗಿನ ಗಡಿಯಾರಕ್ಕಿಂತ ವೇಗವಾಗಿರಬೇಕು. ಇದಕ್ಕೆ ಹಳೆಯ ಮತ್ತು ಸೊಗಸಾದ ಉದಾಹರಣೆ 1960ರ ದಶಕದ ನಡುವಿನದು. ವಯಟ್ ಮತ್ತು ಸಂಗಡಿಗರು 1966ರಲ್ಲಿ, ಡೇಯೆಮ್ ಮತ್ತು ವೀಗಂಡ್ ಅವರು ಅದರ ಮರುವರ್ಷ, ಕಿರಿದಾದ ಅತಿವಾಹಕ ಸೇತುವೆಗಳ ಮೇಲೆ ಮೈಕ್ರೋವೇವ್ ಬೀರಿದಾಗ, ಎಲ್ಲರ ಎಣಿಕೆಗೆ ವಿರುದ್ಧವಾಗಿ, ಅವು ಹೊರಬಲ್ಲ ಪ್ರವಾಹ ಕಡಿಮೆಯಾಗುವ ಬದಲು ಹೆಚ್ಚಾಯಿತು. 1970ರಲ್ಲಿ ಎಲಿಯಾಶ್‌ಬರ್ಗ್ ಕಾರಣ ಕೊಟ್ಟರು: ಜೋಡಿಯಾಗದೆ ಉಳಿದ ಎಲೆಕ್ಟ್ರಾನುಗಳು ಶಕ್ತಿಯ ಅಂತರದ (ಜೋಡಿಯನ್ನು ಒಡೆಯಲು ಬೇಕಾದ ಕನಿಷ್ಠ ಶಕ್ತಿಯ) ಅಂಚಿನಲ್ಲೇ ಗುಂಪುಗೂಡಿ ಜೋಡಿಗಳಿಗೆ ಅಡ್ಡಿ ಮಾಡುತ್ತಿರುತ್ತವೆ, ಮೈಕ್ರೋವೇವ್ ಅವುಗಳನ್ನು ಮೇಲಿನ ಶಕ್ತಿಗಳಿಗೆ ಅಟ್ಟಿ ಅಂಚನ್ನು ತೆರವು ಮಾಡುತ್ತದೆ, ಅದರಿಂದ ಅಂತರವೇ ಹಿಗ್ಗುತ್ತದೆ. ಅಟ್ಟಿದ ಎಲೆಕ್ಟ್ರಾನುಗಳು ಕೆಳಗಿಳಿದು ಬರುವಷ್ಟರಲ್ಲಿ ಮತ್ತೆ ಅಟ್ಟಬೇಕು ಎಂಬುದೇ ಇಲ್ಲಿನ ಷರತ್ತು. ಅಲ್ಯೂಮಿನಿಯಂನಂಥ ಲೋಹದಲ್ಲಿ ಆ ಇಳಿಯುವ ಕಾಲ ನ್ಯಾನೋಸೆಕೆಂಡುಗಳ ಮಟ್ಟದ್ದು, ಆದ್ದರಿಂದ ಗಿಗಾಹರ್ಟ್ಸ್ ಸಾಕು. ನಮ್ಮ ಪಟ್ಟಿಯಂಥ ತಾಮ್ರದ ಆಕ್ಸೈಡಿನಲ್ಲಿ ಅದು ಪಿಕೋಸೆಕೆಂಡುಗಳ ಮಟ್ಟದ್ದು. ಅಲ್ಲಿ 100 ಕಿಲೋಹರ್ಟ್ಸ್‌ನ ಆಂದೋಲಕವೆಂದರೆ, ಬೀಸುವ ಕಲ್ಲಿಗೆ ದಿನಕ್ಕೊಮ್ಮೆ ಕೈ ಹಚ್ಚಿದಂತೆ.

ಇದೇ ಆಕ್ಸೈಡಿನ ಮೇಲೆ ನಿಜವಾದ ಪ್ರಚೋದನೆಯ ಪ್ರಯೋಗಗಳು ನಡೆದಿವೆ, ಅವುಗಳ ಪ್ರಮಾಣವೇ ಬೇರೆ. ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಆಂದ್ರೇಯಾ ಕವಲ್ಲೇರಿ ಅವರ ಗುಂಪು ಮಧ್ಯ-ಅವಕೆಂಪು ಲೇಸರಿನ ಅತಿ ಚಿಕ್ಕ ಮಿಡಿತಗಳಿಂದ ಹರಳಿನ ಪರಮಾಣುಗಳನ್ನು ಆರಿಸಿ ಅಲುಗಾಡಿಸುತ್ತದೆ. 2011ರಲ್ಲಿ ಅವರು ಲ್ಯಾಂಥನಂನ ಒಂದು ತಾಮ್ರದ ಆಕ್ಸೈಡಿನಲ್ಲಿ, 2016ರಲ್ಲಿ ಪೊಟ್ಯಾಸಿಯಂ ಬೆರೆತ ಫುಲರೀನಿನಲ್ಲಿ (ಚೆಂಡಿನಾಕಾರದ ಇಂಗಾಲದ ಅಣುಗಳ ವಸ್ತುವಿನಲ್ಲಿ), ಅತಿವಾಹಕದ್ದೇ ಎನಿಸುವ ಬೆಳಕಿನ ಪ್ರತಿಫಲನವನ್ನು ಕಂಡರು. ಎರಡನೆಯದರ ಸಾಮಾನ್ಯ ಸಂಕ್ರಮಣ ತಾಪಮಾನ 20 ಕೆಲ್ವಿನ್ ಆಗಿದ್ದರೂ, ಬೆಳಕು ಬಿದ್ದಾಗಿನ ಚಹರೆ 100 ಕೆಲ್ವಿನ್ ಹತ್ತಿರದವರೆಗೂ ಉಳಿದಿತ್ತು. 2024ರಲ್ಲಿ, ಆಕ್ಸಿಜನ್ ಕಡಿಮೆಯಿರುವ ಇಟ್ರಿಯಂ ಆಕ್ಸೈಡು ಇಂಥ ಮಿಡಿತ ತಾಕಿದಾಗ ಕಾಂತಕ್ಷೇತ್ರವನ್ನು ಹೊರಗಟ್ಟುತ್ತದೆ ಎಂಬ ವರದಿಯೂ ಬಂತು. ಈ ಸ್ಥಿತಿ ಬಾಳುವುದು ಬಹುತೇಕ ಪಿಕೋಸೆಕೆಂಡುಗಳ ಮಟ್ಟಿಗೆ. ಅದನ್ನು ಅತಿವಾಹಕತೆಯೆಂದೇ ಕರೆಯಬೇಕೋ, ಬೆಳಕಿಗೆ ವಸ್ತು ಕೊಟ್ಟ ಬೇರೊಂದು ಉತ್ತರವೆನ್ನಬೇಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೈಪಿಡಿಯ ಮುನ್ನುಡಿ ಈ ಪ್ರಯೋಗಗಳನ್ನು ನೆನೆದು, ಮರು ಪುಟದಲ್ಲೇ ತನ್ನ ಆಂದೋಲಕವನ್ನು ಪರಿಚಯಿಸುತ್ತದೆ. ಆ ಎರಡು ಪುಟಗಳ ನಡುವೆ ಆವರ್ತನಾಂಕದಲ್ಲಿ ಕೋಟಿ ಪಟ್ಟನ್ನೂ ಮೀರಿದ ಅಂತರವಿದೆ.

ಕೈಪಿಡಿಯಲ್ಲಿ ಇನ್ನೊಂದು ‘ಪ್ರದರ್ಶನ’ವಿದೆ. ಸಂಕ್ರಮಣದ ನಡುವೆ ತಾಪಮಾನವನ್ನು ನಿಲ್ಲಿಸಿ, ಮೊಬೈಲ್ ಫೋನನ್ನು ದಿಮ್ಮಿಯ ಬಳಿ ತಂದು ಕರೆ ಮಾಡಿದರೆ ವೋಲ್ಟೇಜ್ ಜಿಗಿಯುತ್ತದೆ. ಇದು ಸಂಧಿಗಳ ಮೇಲೆ ರೇಡಿಯೋ ಅಲೆಗಳ ಪ್ರಭಾವವಂತೆ. ಜಿಗಿತ ನಿಜವಾಗಿಯೂ ಕಂಡಿತು, ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು. ಮರುದಿನ ಪಟ್ಟಿಯನ್ನು ತೆಗೆದು ಅದೇ ಜಾಗದಲ್ಲಿ ತಾಮ್ರದ ತಂತಿಯ ತುಣುಕೊಂದನ್ನು ಇಟ್ಟು ಕರೆ ಮಾಡಿದೆವು. ಜಿಗಿತ ಹಾಗೆಯೇ ಇತ್ತು. ಕವಚವಿಲ್ಲದ ಉದ್ದ ತಂತಿಗಳು ಆಂಟೆನಾದಂತೆ ಅಲೆಗಳನ್ನು ಹಿಡಿದು ಮೀಟರಿಗೆ ಒಯ್ಯುತ್ತಿದ್ದವು, ಮೀಟರಿನ ಒಳಗಿನ ಆಂಪ್ಲಿಫೈಯರ್ ಅವನ್ನು ನೇರ ವೋಲ್ಟೇಜಾಗಿ ತಿರುಗಿಸುತ್ತಿತ್ತು. ಅತಿವಾಹಕಕ್ಕೆ ಅದರಲ್ಲಿ ಪಾತ್ರವೇ ಇರಲಿಲ್ಲ. ತಂತಿಗಳನ್ನು ಜೋಡಿಯಾಗಿ ಹೆಣೆದು, ಹೊರಗೆ ಕವಚ ಹಾಕಿ ಭೂಸಂಪರ್ಕ ಕೊಟ್ಟ ಮೇಲೆ ಜಿಗಿತವೂ ಹೋಯಿತು, ಓದುಗಳ ನಡುಕವೂ ಅರ್ಧಕ್ಕಿಳಿಯಿತು. ತಪ್ಪು ಹೇಳಿಕೆಯನ್ನು ತಾಮ್ರದ ತುಣುಕಿನಿಂದ ಬಯಲು ಮಾಡಿದ ಆ ದಿನದ ತರಗತಿ, ಕೈಪಿಡಿಯಂತೆ ನಡೆದಿದ್ದರೆ ಎಂದೂ ಆಗುತ್ತಿರಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ರೇಡಿಯೋ ಅಲೆಗಳ ಪ್ರಭಾವವನ್ನು ಪ್ರಾಮಾಣಿಕವಾಗಿ ತೋರಿಸುವ ದಾರಿಯೊಂದಿದೆ, ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಒಂಟಿ ಸಂಧಿಯ ಮೇಲೆ ಮೈಕ್ರೋವೇವ್ ಬೀರಿದರೆ ಅದರ ವೋಲ್ಟೇಜ್-ಪ್ರವಾಹ ರೇಖೆಯಲ್ಲಿ ಮೆಟ್ಟಿಲುಗಳು ಮೂಡುತ್ತವೆಂದು 1963ರಲ್ಲಿ ಷಪೀರೋ ತೋರಿಸಿದ್ದರು. ಮೆಟ್ಟಿಲಿನ ಎತ್ತರ ಆವರ್ತನಾಂಕವನ್ನು ಮಾತ್ರ ಅವಲಂಬಿಸುತ್ತದೆ, 10 ಗಿಗಾಹರ್ಟ್ಸ್‌ಗೆ ಅದು ಸುಮಾರು 20.7 ಮೈಕ್ರೋವೋಲ್ಟ್, ಈ ಕಿಟ್ಟಿನ ಮೀಟರೇ ಅದನ್ನು ಓದಬಲ್ಲದು. ಆ ಆವರ್ತನಾಂಕದ ಕ್ಲಿಸ್ಟ್ರಾನ್ ಬೆಂಚು (ಮೈಕ್ರೋವೇವ್ ಹುಟ್ಟಿಸಿ ಅಳೆಯುವ ಸಾಧನ) ಅನೇಕ ಎಂ.ಎಸ್ಸಿ. ಪ್ರಯೋಗಾಲಯಗಳಲ್ಲಿ ಧೂಳು ಹಿಡಿದು ಕೂತಿದೆ. ಸಾವಿರಾರು ಸಂಧಿಗಳ ಈ ಪಟ್ಟಿಯಲ್ಲಿ ಮೆಟ್ಟಿಲುಗಳು ಒಂದರೊಳಗೊಂದು ಕಲಸಿಹೋಗುವುದರಿಂದ, ನಡುವೆ ಬಿರುಕು ಬಿಡಿಸಿ ಒಂದೇ ಸಂಪರ್ಕ ಉಳಿಸಿದ ಪುಟ್ಟ ಸ್ಯಾಂಪಲ್ ಬೇಕಾಗುತ್ತದೆ. ತಯಾರಕರು ಆಂದೋಲಕದ ಬದಲು ಅದನ್ನು ಕೊಟ್ಟಿದ್ದರೆ ಎರಡನೆಯ ಪೆಟ್ಟಿಗೆಯ ಬೆಲೆ ಸಾರ್ಥಕವಾಗುತ್ತಿತ್ತು.

‘ಪರಿಸರದ ಕ್ವಾಂಟಮ್ ಪ್ರಭಾವ’ ಎಂಬ ಕೊನೆಯ ಉಪಶೀರ್ಷಿಕೆಯ ಬಗ್ಗೆಯೂ ಎರಡು ಮಾತು. ಸುತ್ತಲಿನ ಸರ್ಕ್ಯೂಟು ಶಕ್ತಿಯನ್ನು ಹೀರಿಕೊಳ್ಳುವ ಬಗೆಯೇ ಒಂದು ಸಂಧಿಯ ಹಣೆಬರಹವನ್ನು ನಿರ್ಧರಿಸಬಹುದೆಂಬ ವಿಚಾರ ನಿಜಕ್ಕೂ ಆಳವಾದದ್ದು. ಭೌತವಿಜ್ಞಾನಿಗಳಾದ ಕಾಲ್ಡೈರಾ ಮತ್ತು ಲೆಗೆಟ್ ಅವರು 1981ರಲ್ಲಿ ತೆರೆದ ದಾರಿಯಲ್ಲಿ ನಡೆದು, 1983ರಲ್ಲಿ ಷ್ಮಿಡ್ ಒಂದು ವಿಲಕ್ಷಣ ಭವಿಷ್ಯ ನುಡಿದರು: ಸಂಧಿಗೆ ಅಡ್ಡಲಾಗಿ ಜೋಡಿಸಿದ ರೋಧ 6.45 ಕಿಲೋಓಮ್‌ಗಿಂತ ಕಡಿಮೆಯಿದ್ದರೆ ಅದು ಅತಿವಾಹಕ, ಹೆಚ್ಚಿದ್ದರೆ ಅವಾಹಕ. ಹೆಚ್ಚು ನಷ್ಟ ಮಾಡುವ ಪರಿಸರವೇ ಅತಿವಾಹಕತೆಯನ್ನು ಕಾಯುತ್ತದೆ ಎಂಬ ಈ ಮಾತು ಮೊದಲ ಸಲ ಕೇಳಿದಾಗ ತಲೆಕೆಳಗಾದಂತೆ ತೋರುತ್ತದೆ. ಆದರೆ ಪರಿಸರ ಸಂಧಿಯ ತಾಳವನ್ನು ಸದಾ ಗಮನಿಸುತ್ತಾ ಜಾರಗೊಡದೆ ಹಿಡಿಯುತ್ತದೆ ಎಂದು ಯೋಚಿಸಿದರೆ ಅರ್ಥವಾಗುತ್ತದೆ. 1986ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಅತಿ ತೆಳುವಾದ ಲೋಹದ ಪದರಗಳನ್ನು ಅಳೆದಾಗ, ಸಾಮಾನ್ಯ ಸ್ಥಿತಿಯ ರೋಧ ಈ ಮೌಲ್ಯದ ಹತ್ತಿರಕ್ಕಿಂತ ಕಡಿಮೆಯಿದ್ದವು ಮಾತ್ರ ಪೂರ್ತಿ ಅತಿವಾಹಕವಾದವು. ಒಂಟಿ ಸಂಧಿಯ ವಿಷಯದಲ್ಲಿ ಮಾತ್ರ ಇಂಥ ಸಂಕ್ರಮಣವೇ ಇಲ್ಲವೆಂದು 2020ರಲ್ಲಿ ಒಂದು ಪ್ರಯೋಗ ವಾದಿಸಿದ್ದು, ವಿವಾದ ಮತ್ತೆ ಬಿಸಿಯಾಗಿದೆ. ಆದರೆ ಇವೆಲ್ಲ ಸೊನ್ನೆ ಕೆಲ್ವಿನ್‌ಗೆ ತೀರ ಹತ್ತಿರದ ಮಾತು. 77 ಕೆಲ್ವಿನ್‌ನಲ್ಲಿ ಉಷ್ಣದ ಗದ್ದಲ (ಗೊತ್ತುಗುರಿಯಿಲ್ಲದ ಸಣ್ಣ ಏರಿಳಿತ) ಈ ಸೂಕ್ಷ್ಮವನ್ನೆಲ್ಲ ಮುಳುಗಿಸಿಬಿಡುತ್ತದೆ. ಅಲ್ಲದೆ ಸಾಮಾನ್ಯ ತಂತಿಗಳು ಸಂಧಿಗೆ ತೋರುವ ರೋಧ ನೂರು ಓಮ್ ಆಸುಪಾಸಿನದು, 6.45 ಕಿಲೋಓಮ್‌ನ ಗಡಿಯಿಂದ ಬಹಳ ದೂರ. ಅಮೆರಿಕದ ಬರ್ಕ್ಲಿಯಲ್ಲಿ 1984-85ರಲ್ಲಿ ಇಂಥ ಸಂಧಿಗಳ ಮೇಲೆ ನಡೆಸಿದ ಪ್ರಯೋಗಗಳಿಗಾಗಿ 2025ರ ಭೌತಶಾಸ್ತ್ರದ ನೊಬೆಲ್ ಪಡೆದ ಕ್ಲಾರ್ಕ್, ಡೆವೊರೆ ಮತ್ತು ಮಾರ್ಟಿನಿಸ್ ಅವರ ಕೆಲಸದ ದೊಡ್ಡ ಪಾಲು, ತಂತಿಗಳ ಮೂಲಕ ಒಳನುಗ್ಗುವ ಗದ್ದಲವನ್ನು ತಾಮ್ರದ ಪುಡಿ ತುಂಬಿದ ಶೋಧಕಗಳಿಂದ ತಡೆಯುವುದೇ ಆಗಿತ್ತು. ಕವಚವೇ ಇಲ್ಲದ ತಂತಿಗಳನ್ನು ಕೊಟ್ಟವರು ಕ್ವಾಂಟಮ್ ಪರಿಸರದ ಮಾತಾಡುವುದು ಸ್ವಲ್ಪ ಹೆಚ್ಚಾಯಿತು.

ಗದ್ದಲದ ಮಾತಿಗೆ ಸೇರಿದ ಇನ್ನೊಂದು ದೂರು ತಂತ್ರಾಂಶದ ಮೇಲಿದೆ. ಕಂಪ್ಯೂಟರಿಗೆ ಓದುಗಳನ್ನು ಕಳಿಸುವಾಗ ಅದು ರೇಖೆಯನ್ನು ತಾನಾಗಿಯೇ ನುಣುಪು ಮಾಡಿಬಿಡುತ್ತದೆ, ಮತ್ತು ಅದನ್ನು ನಿಲ್ಲಿಸುವ ಗುಂಡಿ ಮೂರು ಪರದೆಗಳ ಆಳದಲ್ಲಿದೆ. ಗದ್ದಲ ಕಸವಲ್ಲ, ಆ ಹೊತ್ತಿನ ಪರಿಸರದ ಬೆರಳಚ್ಚು. 2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಚಿನ್ನ-ಬೆಳ್ಳಿಯ ನ್ಯಾನೋಕಣಗಳಲ್ಲಿ 236 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡಿತೆಂಬ ಲೇಖನ ಬಂದಾಗ, ಮೊದಲು ಪ್ರಶ್ನೆ ಎದ್ದದ್ದು ಅದರ ಮುಖ್ಯ ರೇಖೆಗಳ ಮೇಲಲ್ಲ. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ರೇಖೆಗಳ ಗದ್ದಲ ಒಂದೇ ತೆರನಾಗಿ ಕಂಡಿತೆಂಬುದರ ಮೇಲೆ. ನುಣುಪು ಮಾಡಿದ ರೇಖೆಯಲ್ಲಿ ಇಂಥದನ್ನು ಯಾರೂ ಕಾಣುವಂತಿಲ್ಲ. ಆದ್ದರಿಂದ ನಮ್ಮಲ್ಲಿ ಈಗ ಓದುಗಳನ್ನು ಕೈಯಿಂದಲೇ ಬರೆಯಿಸುತ್ತೇವೆ.

ಬಾಳಿಕೆಯ ವಿಷಯದಲ್ಲಿ ಈ ಕಿಟ್ ನಮ್ಮ ಊರಿಗಾಗಿ ಮಾಡಿದ್ದಲ್ಲ. ಈ ಆಕ್ಸೈಡು ನೀರಿನೊಡನೆ ನಿಧಾನವಾಗಿ ಬೆರೆತು ಕೆಡುತ್ತದೆ. ಪ್ರತಿ ಸಲ ಮೇಲೆತ್ತಿದಾಗ ಪಟ್ಟಿಯ ಮೇಲೆ ಮಂಜು ಕಟ್ಟಿ, ಕರಗಿ, ನೀರಾಗುತ್ತದೆ, ಅದರ ಮೇಲೆ ಆಷಾಢದ ತೇವ ಬೇರೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಪಟ್ಟಿಯ ಅಂಚು ಬೆಳ್ಳಗಾಗಿ, 77 ಕೆಲ್ವಿನ್‌ನಲ್ಲೂ ರೋಧ ಪೂರ್ತಿ ಸೊನ್ನೆಗೆ ಬರುವುದು ನಿಂತಿತು. ಬದಲಿ ಪಟ್ಟಿಗೆ ಕೇಳಿದ ಬೆಲೆ ನೋಡಿ, ನಾವೇ ಮಾಡಿಕೊಳ್ಳಲು ಹೊರಟೆವು. ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್ ಮತ್ತು ತಾಮ್ರದ ಆಕ್ಸೈಡನ್ನು ಲೋಹಗಳ ಲೆಕ್ಕದಲ್ಲಿ 1:2:3ರ ಪ್ರಮಾಣದಲ್ಲಿ ಅರೆದು, ಸುಮಾರು 930 ಡಿಗ್ರಿಯಲ್ಲಿ ಬೇಯಿಸಿ, ಮತ್ತೆ ಅರೆದು, ಒತ್ತಿ, ಕೊನೆಗೆ ಆಕ್ಸಿಜನ್ ಹರಿವಿನಲ್ಲಿ ನಿಧಾನವಾಗಿ ತಣಿಸಬೇಕು. ಈ ಕೊನೆಯ ಹಂತದಲ್ಲಿ ಆತುರಪಟ್ಟರೆ ಆಕ್ಸಿಜನ್ ಸಾಲದೆ ಸಂಕ್ರಮಣ 60 ಕೆಲ್ವಿನ್ ಹತ್ತಿರಕ್ಕೆ ಜಾರುತ್ತದೆ, ಆಗ ದ್ರವ ಸಾರಜನಕದಲ್ಲಿ ಏನೂ ಕಾಣುವುದಿಲ್ಲ. ಬೇರಿಯಂ ಕಾರ್ಬೊನೇಟ್ ವಿಷವಾದ್ದರಿಂದ ಅರೆಯುವವರು ಮುಖಗವಸು, ಕೈಗವಸು ಬಿಡುವಂತಿಲ್ಲ. ನಮ್ಮ ಮೂರನೆಯ ಪ್ರಯತ್ನದ ಪಟ್ಟಿ ಕಿಟ್ಟಿನದಕ್ಕಿಂತ ಚೆನ್ನಾಗಿ ಬಂತು. ಈಗ ಅದನ್ನು ಪ್ರಯೋಗ ಮುಗಿದ ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ.

ದ್ರವ ಸಾರಜನಕದ ಚಿಂತೆ ಅಷ್ಟಾಗಿ ಬೇಡ. ದನಗಳ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಕಾಯಲು ಪಶು ಆಸ್ಪತ್ರೆಗಳಿಗೆ ಅದು ಬರುತ್ತಲೇ ಇರುತ್ತದೆ. ಅವರಿಗೆ ತಲುಪಿಸುವವರನ್ನೇ ವಿಚಾರಿಸಿದರೆ ಕಾಲೇಜಿಗೂ ದಾರಿ ಸಿಗುತ್ತದೆ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗುವುದರಿಂದ ಕಿಟಕಿಗಳನ್ನು ತೆರೆದಿಡಬೇಕು, ಪಾತ್ರೆಯ ಬಾಯನ್ನು ಎಂದಿಗೂ ಬಿಗಿಯಾಗಿ ಮುಚ್ಚಬಾರದು. ಕಿಟ್ಟಿನ ಡ್ಯೂವಾರ್ ಪಾತ್ರೆ ಗಟ್ಟಿಮುಟ್ಟಾಗಿದೆ, ಪ್ರವಾಹದ ಪೆಟ್ಟಿಗೆಯೂ ಎರಡು ವರ್ಷಗಳಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಕೊಳ್ಳಬಹುದೇ ಎಂದರೆ, ಮೊದಲ ಪೆಟ್ಟಿಗೆಯನ್ನು ಕೊಳ್ಳಬಹುದು. ಸಿಲ್ವರ್ ಪೇಸ್ಟ್, ಕವಚದ ತಂತಿ, ದಿಕ್ಕು ತಿರುಗಿಸುವ ಸ್ವಿಚ್ಚು ಇವಿಷ್ಟಕ್ಕೆ ಕೈಯಿಂದ ಒಂದಿಷ್ಟು ಖರ್ಚು ಮಾಡಲು ಸಿದ್ಧರಿದ್ದು, ಕೈಪಿಡಿಯನ್ನು ಬದಿಗಿಟ್ಟು ಪ್ರಶ್ನೆ ಕೇಳುವ ಅಧ್ಯಾಪಕರು ಇರುವಲ್ಲಿ ಮಾತ್ರ. ಕೈಪಿಡಿಯನ್ನು ನಂಬಿ ನಡೆಯುವ ಪ್ರಯೋಗಾಲಯಕ್ಕೆ ಇದು ತಪ್ಪು ಕಲಿಸುತ್ತದೆ. ಎರಡನೆಯ ಪೆಟ್ಟಿಗೆಯಲ್ಲಿ ಸುರುಳಿಯೊಂದನ್ನೇ ಬಿಡಿಯಾಗಿ ಕೊಡುತ್ತಾರೆಯೇ ಎಂದು ಕೇಳಿ ನೋಡಬೇಕು, ಇಲ್ಲವಾದರೆ ಅಷ್ಟನ್ನು ಕಾಲೇಜಿನಲ್ಲೇ ಸುತ್ತಿಕೊಳ್ಳಬಹುದು. ಆ ವಿದ್ಯಾರ್ಥಿನಿ ಕೊನೆಗೆ ತನ್ನ ರೆಕಾರ್ಡಿನಲ್ಲಿ ಒಂದು ಸಂಖ್ಯೆಯ ಬದಲು ಒಂದು ಸಾಲು ಬರೆದಳು: 10 ಮಿಲಿಆಂಪಿಯರ್ ಪ್ರವಾಹ, ಸುರುಳಿ ಬಂದ್, ನಿಮಿಷಕ್ಕೆ ಅರ್ಧ ಕೆಲ್ವಿನ್ ವೇಗ, ಆರಂಭ 91, ಸೊನ್ನೆ 88. ಹೊರಗಿನಿಂದ ಬಂದ ಪರೀಕ್ಷಕರು ಚೀಟಿಯ 92ನ್ನೇ ನಿರೀಕ್ಷಿಸಿದ್ದರು, ಹತ್ತು ನಿಮಿಷ ಅವಳೊಡನೆ ವಾದಿಸಿ ಪೂರ್ತಿ ಅಂಕ ಕೊಟ್ಟು ಹೋದರು. ಆಂದೋಲಕ ಈಗ ಬಿ.ಎಸ್ಸಿ. ತರಗತಿಯವರ ಶಬ್ದದ ಪ್ರಯೋಗದ ಮೇಜಿನ ಮೇಲಿದೆ. ಅಲ್ಲಿ ಅದರ ಮೇಲೆ ಯಾರದೂ ದೂರಿಲ್ಲ.